ಬಂದು ಹೋದ ಲೋ: ರಕ್ತದಲ್ಲಿ ಅದರ ಗುರುತು ಉಳಿಯುತ್ತದೆಯೇ?

ಕಲಬುರಗಿಯಲ್ಲಿ ಮಧುಮೇಹಿಗಳು ಮತ್ತು ಅವರ ಮನೆಯವರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪವಿದು. ಲೋ ಎಂದರೆ ರಕ್ತದ ಸಕ್ಕರೆ ಇರಬೇಕಾದ್ದಕ್ಕಿಂತ ಕೆಳಗಿಳಿಯುವುದು. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ಲೆಕ್ಕಗಳನ್ನು ಬರೆಯುವಾಗ ಸೇರಿಸಿದ್ದೇನೆ.

ಆತ್ಮೀಯರೇ,

ಜೇವರ್ಗಿ ಕಡೆಯ ಹಳ್ಳಿಯೊಂದರಿಂದ ಬಂದ, ಎಪ್ಪತ್ತರ ಹತ್ತಿರದ ಒಬ್ಬ ತಾಯಿಯ ವಿಷಯದಿಂದ ಆರಂಭಿಸುತ್ತೇನೆ. ಅವರ ಮೂರು ತಿಂಗಳ ಶುಗರ್, ಅಂದರೆ ಎಚ್‌ಬಿಎ1ಸಿ, 7.1 ಇತ್ತು. ಆ ವರದಿಗೆ ಸಹಿ ಹಾಕಿದವನು ನಾನೇ. ಆ ವಯಸ್ಸಿಗೆ ಅದು ಬಹಳ ಒಳ್ಳೆಯ ಅಂಕಿ ಎಂದು ಎಲ್ಲರೂ ಸಮಾಧಾನಪಟ್ಟೆವು. ಜೊತೆಗೆ ಬಂದಿದ್ದ ಸೊಸೆ ಮಾತ್ರ ಸಮಾಧಾನಪಡಲಿಲ್ಲ. "ಮುಂಜಾನಿ ಎದ್ದಾಗ ತಲಿದಿಂಬು ತೊಯ್ದು ತಪ್ಪಡಿ ಆಗಿರ್ತದ್ರಿ. ಆಮ್ಯಾಲ ತಲಿನೋವು ಅಂತಾರ. ಒಂದೊಂದಿನ ನನ್ನ ಹೆಸರೇ ನೆನಪಾಗಂಗಿಲ್ಲ ಅವರಿಗೆ" ಎಂದು ಆಕೆ ಹೇಳಿದಳು. ರಾತ್ರಿ ಮೂರು ಗಂಟೆಗೆ ಎಬ್ಬಿಸಿ ಬೆರಳು ಚುಚ್ಚಿ ನೋಡಲು ಹೇಳಿದೆವು. ಮೂರನೆಯ ರಾತ್ರಿ ಮೀಟರ್ 49 ತೋರಿಸಿತು. ಮೂತ್ರಪಿಂಡಗಳು ಸೋಲತೊಡಗಿದ್ದವು, ಅವು ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಏರಿತ್ತು. ಆದರೂ ಸಕ್ಕರೆ ಇಳಿಸಲೆಂದು ಹತ್ತು ವರ್ಷದಿಂದ ನುಂಗುತ್ತಿದ್ದ ಗ್ಲಿಬೆನ್‌ಕ್ಲಮೈಡ್ ಮಾತ್ರೆ ಅದೇ ಪ್ರಮಾಣದಲ್ಲಿ ನಡೆದಿತ್ತು. ಮೂತ್ರಪಿಂಡಗಳು ಹೊರಹಾಕಲಾರದ ಆ ಔಷಧ ಮೈಯಲ್ಲಿ ಉಳಿದು ರಾತ್ರಿಯಿಡೀ ಸಕ್ಕರೆಯನ್ನು ಕೆಳಗೆ ಎಳೆಯುತ್ತಿತ್ತು. ಮಾತ್ರೆ ಬದಲಾದ ವಾರದೊಳಗೆ ತಲೆದಿಂಬು ಒಣಗಿತು.

ಪ್ರಯೋಗಾಲಯದಲ್ಲಿ ಜೀವನ ಕಳೆದ ನನಗೆ ಈ ಘಟನೆ ಬಿಟ್ಟುಹೋದ ಪ್ರಶ್ನೆಯೇ ಇಂದಿನ ವಿಷಯ. ವಾರಕ್ಕೆ ಮೂರು ನಾಲ್ಕು ರಾತ್ರಿ ಒಬ್ಬರ ಮಿದುಳು ಸಕ್ಕರೆಯಿಲ್ಲದೆ ಒದ್ದಾಡಿದೆ. ಮರುದಿನ ಅವರ ರಕ್ತ ನನ್ನ ಕೈಯಲ್ಲಿದೆ. ಅದರಲ್ಲಿ ಆ ರಾತ್ರಿಯ ಗುರುತು ಎಲ್ಲಿಯಾದರೂ ಉಳಿದಿರುತ್ತದೆಯೇ?

ಮೊದಲು ಅಳತೆಯ ಮಾತು. ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದನ್ನು ಎಚ್ಚರಿಕೆಯ ಮಟ್ಟವೆಂದೂ, 54ಕ್ಕಿಂತ ಕೆಳಗಿಳಿದರೆ ಗಂಭೀರವೆಂದೂ ಪರಿಗಣಿಸುತ್ತಾರೆ. ಅಂಕಿ ಎಷ್ಟೇ ಇರಲಿ, ತನ್ನನ್ನು ತಾನು ಸುಧಾರಿಸಿಕೊಳ್ಳಲಾಗದೆ ಇನ್ನೊಬ್ಬರ ಸಹಾಯ ಬೇಕಾದರೆ ಅದು ತೀವ್ರ ಹೈಪೊಗ್ಲೈಸೀಮಿಯಾ, ಅಂದರೆ ತೀವ್ರ ಲೋ. ಈ ಅಂಕಿಗಳು ಎಷ್ಟು ಸಣ್ಣವು ಎಂಬುದನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ವಯಸ್ಕರೊಬ್ಬರ ಮೈಯಲ್ಲಿರುವುದು ಸುಮಾರು ಐದು ಲೀಟರ್ ರಕ್ತ. ಸಕ್ಕರೆ 100 ಇದ್ದಾಗ ಆ ಅಷ್ಟೂ ರಕ್ತದಲ್ಲಿ ಇರುವ ಗ್ಲೂಕೋಸ್ ಐದು ಗ್ರಾಂ, ಅಂದರೆ ಚಹಾಕ್ಕೆ ಹಾಕುವ ಒಂದು ಚಮಚ ಸಕ್ಕರೆಯಷ್ಟು. ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಉರಿಸುತ್ತದೆ. ಒಂದು ಚಮಚದ ಸಂಗ್ರಹವನ್ನು ಯಕೃತ್ತು ನಿಮಿಷ ನಿಮಿಷವೂ ತುಂಬಿಕೊಡುತ್ತಿರುವುದರಿಂದಲೇ ನಾವು ಮಾತನಾಡುತ್ತಾ ಕೂತಿದ್ದೇವೆ.

ಸಕ್ಕರೆ ಇಳಿಯತೊಡಗಿದಾಗ ಆರೋಗ್ಯವಂತರ ದೇಹ ಮೆಟ್ಟಿಲು ಮೆಟ್ಟಿಲಾಗಿ ಎದುರಿಸುತ್ತದೆ. 80ರ ಸುಮಾರಿಗೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುವುದನ್ನು ತಗ್ಗಿಸುತ್ತದೆ. 65ರಿಂದ 70ರ ನಡುವೆ ಸಕ್ಕರೆ ಏರಿಸುವ ಹಾರ್ಮೋನುಗಳಾದ ಗ್ಲುಕಗಾನ್ ಮತ್ತು ಅಡ್ರಿನಲಿನ್ ಹೊರಬರುತ್ತವೆ, ಹಿಂದೆಯೇ ಕಾರ್ಟಿಸಾಲ್ ಮತ್ತು ಬೆಳವಣಿಗೆಯ ಹಾರ್ಮೋನು ಏರುತ್ತವೆ. ಇನ್ನೂ ಇಳಿದು 55ರ ಆಸುಪಾಸಿಗೆ ಬಂದಾಗ ನಾವೆಲ್ಲ ಬಲ್ಲ ಲಕ್ಷಣಗಳು ಕಾಣುತ್ತವೆ: ಕೈ ನಡುಕ, ಎದೆ ಬಡಿತ, ತಣ್ಣನೆಯ ಬೆವರು, ತಡೆಯಲಾರದ ಹಸಿವು. ನಮ್ಮಲ್ಲಿ "ಚಕ್ಕರ ಬಂತು, ಕಣ್ಣಿಗೆ ಕತ್ತಲಿ ಕಟ್ಟಿತು" ಎನ್ನುವುದು ಈ ಹಂತಕ್ಕೇ. 50ಕ್ಕಿಂತ ಕೆಳಗೆ ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ ಅಥವಾ ಇಂಥ ಮಾತ್ರೆ ನುಂಗುವವರಲ್ಲಿ ಮೊದಲ ಮೆಟ್ಟಿಲೇ ಇರುವುದಿಲ್ಲ. ಒಳಸೇರಿದ ಇನ್ಸುಲಿನ್ ಅನ್ನು ಹಿಂದಕ್ಕೆ ಕರೆಯಲಾಗದು. ದೇಹ ಇನ್ಸುಲಿನ್ ತಯಾರಿಸುವುದು ಬಹುತೇಕ ನಿಂತುಹೋಗುವ ಟೈಪ್ 1 ಮಧುಮೇಹದಲ್ಲಿ ಕೆಲವೇ ವರ್ಷಗಳಲ್ಲಿ ಗ್ಲುಕಗಾನ್ ಕೂಡ ಕೈಕೊಡುತ್ತದೆ. ಮತ್ತೆ ಮತ್ತೆ ಲೋ ಆದವರಲ್ಲಿ ಅಡ್ರಿನಲಿನ್ ಏಳುವ ಮಟ್ಟವೇ ಕೆಳಗಿಳಿದು, ಬೆವರು ನಡುಕಗಳ ಮುನ್ಸೂಚನೆಯಿಲ್ಲದೆ ನೇರವಾಗಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಅಮೆರಿಕದ ವೈದ್ಯ ಫಿಲಿಪ್ ಕ್ರೈಯರ್ ಈ ಸ್ಥಿತಿಯನ್ನು ವಿವರವಾಗಿ ಅಧ್ಯಯನ ಮಾಡಿದವರು. ಎರಡು ಮೂರು ವಾರ ಒಂದೂ ಲೋ ಆಗದಂತೆ ನೋಡಿಕೊಂಡರೆ ಕಳೆದುಹೋದ ಈ ಅರಿವು ಬಹಳಷ್ಟು ಮಟ್ಟಿಗೆ ಮರಳುತ್ತದೆ ಎಂಬುದೂ ತಿಳಿದಿದೆ. ಯಾರಿಗೆ ಲಕ್ಷಣಗಳೇ ಗೊತ್ತಾಗದಂತಾಗಿದೆಯೋ ಅವರನ್ನು ಕೇಳಿ ತಿಳಿಯುವುದು ಸಾಧ್ಯವಿಲ್ಲವಾದ್ದರಿಂದಲೇ ರಕ್ತದಲ್ಲಿ ಸಾಕ್ಷಿ ಹುಡುಕಬೇಕಾಗಿದೆ.

ಹಾಗಾದರೆ ಈ ಹಾರ್ಮೋನುಗಳನ್ನೇ ಅಳೆಯಬಾರದೇಕೆ ಎಂದು ನೀವು ಕೇಳಬಹುದು. ಅಡ್ರಿನಲಿನ್ ರಕ್ತದಲ್ಲಿ ಎರಡು ಮೂರು ನಿಮಿಷಕ್ಕೆ ಅರ್ಧವಾಗುತ್ತದೆ. ಗ್ಲುಕಗಾನ್ ಕೂಡ ಕೆಲವೇ ನಿಮಿಷಗಳ ಅತಿಥಿ. ಕಾರ್ಟಿಸಾಲ್ ಗಂಟೆಗೂ ಮಿಕ್ಕಿ ನಿಲ್ಲುತ್ತದೆ, ಆದರೆ ಅದು ಪ್ರತಿದಿನ ಬೆಳಗಿನ ಜಾವ ತಾನಾಗಿಯೇ ಏರುವಂಥದ್ದು. ಜ್ವರಕ್ಕೂ ಏರುತ್ತದೆ, ಮನೆಯ ಜಗಳಕ್ಕೂ ಏರುತ್ತದೆ. ನಸುಕಿನ ಮೂರಕ್ಕೆ ಲೋ ಆಗಿ, ಐದಕ್ಕೆ ತಾನಾಗಿ ಸರಿಹೋಗಿ, ಬಸ್ಸು ಹಿಡಿದು ಹನ್ನೊಂದಕ್ಕೆ ದವಾಖಾನೆಗೆ ಬಂದ ಆ ತಾಯಿಯ ರಕ್ತದಲ್ಲಿ ಇವು ಯಾವುವೂ ಏನನ್ನೂ ಹೇಳಲಾರವು.

ಇನ್ನು ನಾವೆಲ್ಲ ನಂಬಿರುವ ಎಚ್‌ಬಿಎ1ಸಿ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನವೂ ಸುತ್ತಲಿನ ಗ್ಲೂಕೋಸ್ ಅದರ ಹಿಮೋಗ್ಲೋಬಿನ್‌ಗೆ ಮೆಲ್ಲಗೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಮಧುಮೇಹಿಗಳಲ್ಲಿ ಈ ಅಂಟಿದ ಹಿಮೋಗ್ಲೋಬಿನ್ ಹೆಚ್ಚಾಗಿರುವುದನ್ನು ಇರಾನಿನ ಸ್ಯಾಮುವೆಲ್ ರಹಬರ್ 1960ರ ದಶಕದ ಕೊನೆಯಲ್ಲಿ ಗುರುತಿಸಿದರು. ಅದು ಸರಾಸರಿಯನ್ನು ಹೇಳುತ್ತದೆ: 7.1 ಎಂದರೆ ಸರಾಸರಿ ಗ್ಲೂಕೋಸ್ ಸುಮಾರು 157. ಅದು ಲೋಗೆ ಏಕೆ ಕುರುಡು ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಒಬ್ಬರ ಸಕ್ಕರೆ ವಾರಕ್ಕೊಂದು ರಾತ್ರಿ ಒಂದು ಗಂಟೆ ಕಾಲ 150ರ ಬದಲು 50ಕ್ಕೆ ಇಳಿದಿತ್ತು ಎಂದುಕೊಳ್ಳಿ. 100ರ ಆ ಕೊರತೆಯನ್ನು 24 ಗಂಟೆಗೆ ಹಂಚಿದರೆ ಆ ದಿನದ ಸರಾಸರಿ 4 ಇಳಿಯುತ್ತದೆ. ಏಳು ದಿನಕ್ಕೆ ಹಂಚಿದರೆ 0.6. ಎಚ್‌ಬಿಎ1ಸಿಯಲ್ಲಿ ಒಂದಂಶ ಬದಲಾಗಲು ಸರಾಸರಿ ಗ್ಲೂಕೋಸ್ ಸುಮಾರು 29 ಬದಲಾಗಬೇಕು. ಆ ಲೆಕ್ಕದಲ್ಲಿ ಈ ಅಪಾಯಕಾರಿ ರಾತ್ರಿಗಳ ಪರಿಣಾಮ ವರದಿಯ ಮೇಲೆ 0.02. ಒಳ್ಳೆಯ ಯಂತ್ರದಲ್ಲೂ ಒಂದೇ ರಕ್ತವನ್ನು ಎರಡು ಸಲ ಪರೀಕ್ಷಿಸಿದರೆ 0.1ರಷ್ಟು ಹಿಂದೆ ಮುಂದೆ ಬರುತ್ತದೆ. ಪ್ರಾಣಕ್ಕೆ ಎರವಾಗಬಲ್ಲ ಘಟನೆ ಯಂತ್ರದ ಅಳತೆಯ ತಪ್ಪಿನೊಳಗೇ ಮುಳುಗಿಹೋಗುತ್ತದೆ. ಊಟದ ನಂತರ 260ಕ್ಕೆ ಏರಿ ರಾತ್ರಿ 50ಕ್ಕೆ ಇಳಿಯುವವರಿಗೂ, ದಿನವಿಡೀ 150ರ ಸುತ್ತ ಸ್ಥಿರವಾಗಿರುವವರಿಗೂ ಒಂದೇ ಅಂಕಿ ಬರಬಹುದು.

ರಕ್ತದ ಪ್ರೋಟೀನುಗಳಿಗೆ ಅಂಟಿದ ಸಕ್ಕರೆಯನ್ನು ಅಳೆಯುವ ಫ್ರಕ್ಟೋಸಮೈನ್ ಮತ್ತು ಸಕ್ಕರೆ ಅಂಟಿದ ಆಲ್ಬುಮಿನ್ ಪರೀಕ್ಷೆಗಳು ಎರಡು ಮೂರು ವಾರಗಳ ಸರಾಸರಿ ಕೊಡುತ್ತವೆ. ಅವುಗಳ ಕಥೆಯೂ ಇದೇ. 1,5-ಆನ್‌ಹೈಡ್ರೋಗ್ಲುಸಿಟಾಲ್ ಎಂಬ ಇನ್ನೊಂದು ಅಣು ಸಕ್ಕರೆ ಸುಮಾರು 180 ದಾಟಿ ಮೂತ್ರಕ್ಕೆ ಸೋರಿದಾಗ ಕಡಿಮೆಯಾಗುತ್ತದೆ. ಅದು ಏರಿಕೆಯ ಸಾಕ್ಷಿ, ಇಳಿಕೆಯದಲ್ಲ.

ನಮ್ಮ ಭಾಗದಲ್ಲಿ ಎಚ್‌ಬಿಎ1ಸಿಗೆ ಇನ್ನೊಂದು ತೊಡಕಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಎಚ್‌ಬಿಎ1ಸಿ ಇರಬೇಕಾದ್ದಕ್ಕಿಂತ ಹೆಚ್ಚಾಗಿ ಬರುವುದುಂಟು. ಅದನ್ನು ನಂಬಿ ಮಾತ್ರೆ ಹೆಚ್ಚಿಸಿದರೆ ಲೋಗೆ ನಾವೇ ದಾರಿ ಮಾಡಿಕೊಟ್ಟಂತೆ. ಸಾಲದ್ದಕ್ಕೆ, ರಕ್ತಹೀನತೆ ಇದ್ದವರಲ್ಲಿ ಮನೆಯ ಮೀಟರುಗಳಲ್ಲಿ ಹಲವು ನಿಜವಾದ ಸಕ್ಕರೆಗಿಂತ ಹೆಚ್ಚು ತೋರಿಸುತ್ತವೆ. ಅಂದರೆ ಲೋ ಆಗುವಂತೆ ಮಾಡುವುದೂ ಅದೇ ರಕ್ತಹೀನತೆ, ಆದ ಲೋವನ್ನು ಮುಚ್ಚಿಡುವುದೂ ಅದೇ. ಈ ಒಂದು ಸಂಗತಿಯನ್ನು ಎಲ್ಲ ಸಭೆಗಳಲ್ಲೂ ಹೇಳುತ್ತೇನೆ: ಮಧುಮೇಹದ ವರದಿಯ ಪಕ್ಕದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡದೆ ಔಷಧ ಬದಲಿಸಬಾರದು.

ಇನ್ನು ಗ್ಲೂಕೋಸನ್ನೇ ನೇರವಾಗಿ ಅಳೆಯುವಾಗಿನ ತೊಂದರೆ. ಇದು ನಮ್ಮ ಬಿಸಿಲಿಗೆ ಸಂಬಂಧಿಸಿದ್ದು. ಸಿರಿಂಜಿನಿಂದ ಹೊರಬಂದ ರಕ್ತ ಸತ್ತ ವಸ್ತುವಲ್ಲ. ಅದರೊಳಗಿನ ಕಣಗಳು ಕೊಳವೆಯಲ್ಲೂ ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಸಾಧಾರಣ ಕೋಣೆಯ ಉಷ್ಣತೆಯಲ್ಲೇ ಗಂಟೆಗೆ ಶೇಕಡಾ 5ರಿಂದ 7ರಷ್ಟು ಕರಗುತ್ತದೆ, ಸೆಕೆ ಹೆಚ್ಚಾದಷ್ಟೂ ವೇಗವೂ ಹೆಚ್ಚು. ಕಲಬುರಗಿಯ ಮೇ ತಿಂಗಳೆಂದರೆ 42 ಡಿಗ್ರಿ ದಾಟುವ ದಿನಗಳು. ಹಲವು ವರ್ಷಗಳ ಹಿಂದೆ ಅಂಥದ್ದೇ ಒಂದು ದಿನ ಹೊರಗಿನ ಸಂಗ್ರಹ ಕೇಂದ್ರವೊಂದರಿಂದ ನಮ್ಮಲ್ಲಿಗೆ ಬಂದ ಕೊಳವೆಗಳಲ್ಲಿ ಒಂದು ಸಾದಾ ಕೊಳವೆಯಿತ್ತು. ರಕ್ತ ತೆಗೆದದ್ದು ಬೆಳಿಗ್ಗೆ ಏಳಕ್ಕೆ, ನನ್ನ ಮೇಜಿಗೆ ಬಂದದ್ದು ಮಧ್ಯಾಹ್ನ ಹನ್ನೆರಡೂವರೆಗೆ. ಕಣಗಳನ್ನು ಬೇರ್ಪಡಿಸಿರಲಿಲ್ಲ, ಮುಟ್ಟಿದರೆ ಕೊಳವೆ ಬೆಚ್ಚಗಿತ್ತು. ಫಲಿತಾಂಶ 58. ಅದನ್ನು ಹಾಗೆಯೇ ಕಳಿಸಿದ್ದರೆ ಆ ಮನುಷ್ಯನ ಇನ್ಸುಲಿನ್ ಅಂದೇ ಕಡಿಮೆಯಾಗುತ್ತಿತ್ತು. ಫೋನು ಮಾಡಿ ಕರೆಸಿದೆ. ತಾಜಾ ರಕ್ತದಲ್ಲಿ 104 ಬಂತು. ನಡುವೆ ಅವರು ಏನನ್ನೂ ತಿಂದಿರಲಿಲ್ಲ. ಲೋ ಆಗಿದ್ದು ಮನುಷ್ಯನಿಗಲ್ಲ, ಕೊಳವೆಗೆ.

ಬೂದುಬಣ್ಣದ ಮುಚ್ಚಳದ ಕೊಳವೆಯಲ್ಲಿ ಸೋಡಿಯಂ ಫ್ಲೋರೈಡ್ ಇರುವುದು ಇದನ್ನು ತಡೆಯಲೆಂದೇ. ಆದರೆ ಫ್ಲೋರೈಡ್ ತಡೆಯುವುದು ಗ್ಲೂಕೋಸ್ ಒಡೆಯುವ ಸರಪಳಿಯ ಕೊನೆಯ ಭಾಗದ ಕೊಂಡಿಯೊಂದನ್ನು. ಹಾಗಾಗಿ ಅದರ ಪರಿಣಾಮ ಪೂರ್ತಿ ಕಾಣಲು ಒಂದೆರಡು ಗಂಟೆ ಬೇಕು, ಅಷ್ಟರಲ್ಲಿ ಸಾಕಷ್ಟು ಸಕ್ಕರೆ ಕರಗಿಹೋಗಿರುತ್ತದೆ. ಸಿಟ್ರೇಟ್ ಸೇರಿಸಿದ ಕೊಳವೆಗಳು ರಕ್ತದ ಆಮ್ಲತೆಯನ್ನು ಬದಲಿಸಿ ಸರಪಳಿಯ ಆರಂಭದಲ್ಲೇ ಕೂಡಲೇ ತಡೆಯುತ್ತವೆ. ಅದು ಸಿಗದ ಕಡೆ ಐಸ್ ಡಬ್ಬಿ ಮತ್ತು ಬೇಗ ತಿರುಗಿ ಕಣಗಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರ ಇರಬೇಕು. ಹೊಸ ಸೂಚಕ ಅಣುಗಳ ಬಗ್ಗೆ ಉತ್ಸಾಹದಿಂದ ಮಾತನಾಡುವ ಮೊದಲು ಈ ಕೊಳವೆಯ ಮಾತನ್ನು ಹೇಳಲೇಬೇಕಿತ್ತು. ಗ್ಲೂಕೋಸಿನಂಥ ಸರಳ ಅಣುವನ್ನೇ ಆಳಂದದಿಂದ ಕಲಬುರಗಿಗೆ ಸುರಕ್ಷಿತವಾಗಿ ತರಲಾಗದಿದ್ದರೆ ಅದಕ್ಕಿಂತ ನಾಜೂಕಾದವುಗಳ ಗತಿ ಏನು?

ಈಗ ಆ ನಾಜೂಕಾದವುಗಳ ಕಡೆಗೆ ಬರುತ್ತೇನೆ. ಲೋ ಆದ ನಂತರ ದೇಹದಲ್ಲಿ ಏನೇನು ಬದಲಾಗುತ್ತದೆ ಎಂದು ತಿಳಿಯಲು ವಿಜ್ಞಾನಿಗಳು ಬಳಸುವ ವಿಧಾನಕ್ಕೆ ಕ್ಲ್ಯಾಂಪ್ ಎನ್ನುತ್ತಾರೆ. ಒಪ್ಪಿಗೆ ಕೊಟ್ಟ ಸ್ವಯಂಸೇವಕರ ಒಂದು ಕೈಗೆ ಇನ್ಸುಲಿನ್ ಹಾಗೂ ಗ್ಲೂಕೋಸ್ ಎರಡನ್ನೂ ಹರಿಸಿ, ಐದೈದು ನಿಮಿಷಕ್ಕೊಮ್ಮೆ ರಕ್ತ ನೋಡುತ್ತಾ, ಸಕ್ಕರೆಯನ್ನು ಉದಾಹರಣೆಗೆ 50ರಲ್ಲಿ ಒಂದು ಗಂಟೆ ಹಿಡಿದು ನಿಲ್ಲಿಸುತ್ತಾರೆ. ಮೊದಲು, ನಡುವೆ, ಮರುದಿನ, ವಾರದ ನಂತರ ರಕ್ತ ತೆಗೆಯುತ್ತಾರೆ. ಇಂಥ ಪ್ರಯೋಗಗಳಿಂದ ತಿಳಿದ ಒಂದು ಸಂಗತಿ ನನ್ನನ್ನು ಬೆಚ್ಚಿಬೀಳಿಸಿತು. ಸಕ್ಕರೆ ಮತ್ತೆ ಸರಿಯಾದ ಮೇಲೂ ಅದರ ಬಿಸಿ ಆರುವುದಿಲ್ಲ. ಬಿಳಿ ರಕ್ತಕಣಗಳು ಏರುತ್ತವೆ, ಇಂಟರ್‌ಲ್ಯೂಕಿನ್-6ರಂಥ ಉರಿಯೂತದ ಪ್ರೋಟೀನುಗಳು ಹೆಚ್ಚುತ್ತವೆ, ಪ್ಲೇಟ್‌ಲೆಟ್ಟುಗಳು ಅಂಟುವ ಸ್ವಭಾವ ತಳೆಯುತ್ತವೆ, ರಕ್ತ ಹೆಪ್ಪುಗಟ್ಟುವ ಕಡೆಗೆ ವಾಲುತ್ತದೆ. ಇವುಗಳಲ್ಲಿ ಕೆಲವು ಬದಲಾವಣೆಗಳು ದಿನಗಟ್ಟಲೆ ಉಳಿದದ್ದು ಕಂಡುಬಂದಿದೆ. ಒಂದು ಗಂಟೆಯ ಲೋ ಹೃದಯದ ರಕ್ತನಾಳಗಳ ಮೇಲೆ ಹಲವು ದಿನ ನೆರಳು ಚಾಚುತ್ತದೆ ಎಂದಾಯಿತು. ಅಮೆರಿಕ ಮತ್ತು ಕೆನಡಾದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಕಾರ್ಡ್ ಅಧ್ಯಯನದಲ್ಲಿ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗಿಳಿಸಲು ಹೊರಟ ಗುಂಪಿನಲ್ಲಿ ಸಾವುಗಳು ಹೆಚ್ಚಾಗಿ, 2008ರಲ್ಲಿ ಆ ಭಾಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಆ ಗುಂಪಿನಲ್ಲಿ ತೀವ್ರ ಲೋಗಳೂ ಹೆಚ್ಚಿದ್ದವು. ಸಾವುಗಳಿಗೆ ಲೋಗಳೇ ಕಾರಣವೆಂದು ಅದು ಸಾಬೀತುಪಡಿಸಲಿಲ್ಲ, ಆದರೆ ಆ ಅನುಮಾನವನ್ನು ಯಾರೂ ಪೂರ್ತಿ ತಳ್ಳಿಹಾಕಿಲ್ಲ.

ಹಾಗಾದರೆ ಬಿಳಿ ಕಣ, ಇಂಟರ್‌ಲ್ಯೂಕಿನ್ ನೋಡಿ ನಿನ್ನೆಯ ಲೋ ಪತ್ತೆಹಚ್ಚಬಹುದೇ? ಆಗದು. ಒಂದು ಹಲ್ಲು ಕೀವಾದರೂ, ಕಾಲಲ್ಲಿ ಮುಳ್ಳು ಚುಚ್ಚಿ ಬಾತುಕೊಂಡರೂ ಇವು ಏರುತ್ತವೆ. ಗುರುತು ಇದೆ, ಆದರೆ ಯಾರ ಹೆಜ್ಜೆಯದೆಂದು ಹೇಳಲಾಗದ ಗುರುತು.

ಆದ್ದರಿಂದ ಗಮನ ಮೈಕ್ರೋ ಆರ್‌ಎನ್‌ಎಗಳ ಕಡೆ ಹೊರಳಿದೆ. ಇವು ಸುಮಾರು 22 ಅಕ್ಷರಗಳಷ್ಟೇ ಉದ್ದದ ಪುಟ್ಟ ಆರ್‌ಎನ್‌ಎ ತುಣುಕುಗಳು. ಪ್ರೋಟೀನ್ ತಯಾರಿಸುವ ಆದೇಶ ಹೊತ್ತ ಆರ್‌ಎನ್‌ಎಗೆ ಜೋಡಿಕೊಂಡು ಆ ಆದೇಶವನ್ನು ತಗ್ಗಿಸುವುದು ಇವುಗಳ ಕೆಲಸ. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇವನ್ನು ಮೊದಲು ಕಂಡ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್‌ಕುನ್ ಅವರಿಗೆ 2024ರ ವೈದ್ಯಕೀಯ ನೊಬೆಲ್ ಬಂತು. ನಮಗೆ ಇವು ಏಕೆ ಆಸೆ ಹುಟ್ಟಿಸುತ್ತವೆ ಎಂದರೆ, ಬರಿಯ ಆರ್‌ಎನ್‌ಎ ರಕ್ತದಲ್ಲಿ ಕ್ಷಣಮಾತ್ರದಲ್ಲಿ ಚೂರಾದರೂ ಇವು ಪುಟ್ಟ ಕೊಬ್ಬಿನ ಚೀಲಗಳೊಳಗೆ ಅಥವಾ ಪ್ರೋಟೀನುಗಳ ತೆಕ್ಕೆಯಲ್ಲಿ ಸುರಕ್ಷಿತವಾಗಿ ಸಂಚರಿಸುತ್ತವೆ. ಬೇರೆ ಬೇರೆ ಅಂಗಗಳು ಬೇರೆ ಬೇರೆ ಮೈಕ್ರೋ ಆರ್‌ಎನ್‌ಎಗಳನ್ನು ಹೆಚ್ಚಾಗಿ ತಯಾರಿಸುವುದರಿಂದ, ಒಂದೇ ಅಣುವಿನ ಬದಲು ಹಲವು ಅಣುಗಳ ಏರಿಳಿತದ ನಮೂನೆಯನ್ನು ಓದಿ ಇದು ಲೋ, ಇದು ಜ್ವರ ಎಂದು ಬೇರ್ಪಡಿಸಬಹುದೇನೋ ಎಂಬುದು ಲೆಕ್ಕಾಚಾರ.

ಈ ಹಾದಿಯ ತೊಡಕುಗಳನ್ನೂ ಮುಚ್ಚಿಡದೆ ಹೇಳಬೇಕು. ಕ್ಲ್ಯಾಂಪಿನಲ್ಲಿ ಇನ್ಸುಲಿನ್ ಧಾರಾಳವಾಗಿ ಹರಿಯುತ್ತಿರುತ್ತದೆ, ಇನ್ಸುಲಿನ್ ತಾನೇ ಮೈಕ್ರೋ ಆರ್‌ಎನ್‌ಎಗಳನ್ನು ಬದಲಿಸಬಲ್ಲದು. ಸಕ್ಕರೆ ಇಳಿಸದೆ ಅಷ್ಟೇ ಇನ್ಸುಲಿನ್ ಕೊಟ್ಟ ಇನ್ನೊಂದು ದಿನದ ಹೋಲಿಕೆಯಿಲ್ಲದಿದ್ದರೆ ಕಂಡ ಬದಲಾವಣೆ ಯಾವುದರದ್ದೆಂದು ಹೇಳುವಂತಿಲ್ಲ. ರಕ್ತ ತೆಗೆಯುವಾಗ ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದು ಕೆಂಪು ಕಣಗಳು ಒಡೆದರೆ ಅವುಗಳೊಳಗಿನ ಮೈಕ್ರೋ ಆರ್‌ಎನ್‌ಎ-451 ಮತ್ತು 16 ಪ್ಲಾಸ್ಮಾಕ್ಕೆ, ಅಂದರೆ ರಕ್ತದ ದ್ರವಭಾಗಕ್ಕೆ, ಸುರಿದು ಇಡೀ ಚಿತ್ರ ಕೆಡುತ್ತದೆ. ಮತ್ತೆ ಅದೇ ಕೊಳವೆಯ ಕಥೆ. ಕ್ಲ್ಯಾಂಪ್ ಎಂಬುದು ಪ್ರಯಾಸದ ಕೆಲಸವಾದ್ದರಿಂದ ಒಂದೊಂದು ಅಧ್ಯಯನದಲ್ಲಿ ಭಾಗವಹಿಸುವವರೂ ಕಡಿಮೆ. ಲೋ ಪತ್ತೆಗೆಂದು ಇಂಥ ಯಾವ ಪರೀಕ್ಷೆಯೂ ಇಂದು ದವಾಖಾನೆಗಳ ದಿನನಿತ್ಯದ ಬಳಕೆಯಲ್ಲಿ ಇಲ್ಲ. ಇದೆ ಎಂದು ಯಾರಾದರೂ ಪ್ಯಾಕೇಜಿನಲ್ಲಿ ಸೇರಿಸಿ ಹಣ ಕೇಳಿದರೆ ಕೊಡಬೇಡಿ.

ಆದರೆ ಯಾರಿಗೆ ಲೋ ಆಗುವ ಸಂಭವ ಹೆಚ್ಚು ಎಂದು ಮುಂಚಿತವಾಗಿ ತಿಳಿಸುವ ರಕ್ತಪರೀಕ್ಷೆಗಳು ಈಗಲೇ ನಮ್ಮ ಬಳಿ ಇವೆ. ನನ್ನ ದೃಷ್ಟಿಯಲ್ಲಿ ಅವುಗಳಲ್ಲಿ ಮುಖ್ಯವಾದದ್ದು ಸಿ-ಪೆಪ್ಟೈಡ್. ಮೇದೋಜೀರಕ ಗ್ರಂಥಿ ಒಂದು ಇನ್ಸುಲಿನ್ ಅಣು ತಯಾರಿಸಿದಾಗಲೆಲ್ಲ ಒಂದು ಸಿ-ಪೆಪ್ಟೈಡ್ ಕೂಡ ಹೊರಬೀಳುತ್ತದೆ. ಹೊರಗಿನಿಂದ ಚುಚ್ಚಿದ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲ. ಟೈಪ್ 1ರಲ್ಲಿ ಸ್ವಲ್ಪವಾದರೂ ಸಿ-ಪೆಪ್ಟೈಡ್ ಉಳಿದವರಿಗೆ ತೀವ್ರ ಲೋಗಳು ಕಡಿಮೆ. ಲೋ ಆದ ಹೊತ್ತಿನಲ್ಲೇ ರಕ್ತ ಸಿಕ್ಕರೆ ಕಾರಣವನ್ನೂ ಇದು ಹೇಳುತ್ತದೆ: ಇನ್ಸುಲಿನ್ ಹೆಚ್ಚಿದ್ದು ಸಿ-ಪೆಪ್ಟೈಡ್ ಕಡಿಮೆಯಿದ್ದರೆ ಚುಚ್ಚುಮದ್ದು ಹೆಚ್ಚಾಗಿದೆ; ಎರಡೂ ಹೆಚ್ಚಿದ್ದರೆ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಜಾತಿಯ ಮಾತ್ರೆ, ಅಥವಾ ಅಪರೂಪಕ್ಕೆ ಗ್ರಂಥಿಯಲ್ಲಿನ ಗಡ್ಡೆ. ಈ ಜಾತಿಯ ಮಾತ್ರೆಗಳನ್ನು ಯಕೃತ್ತಿನಲ್ಲಿ ಒಡೆಯುವ ಸಿವೈಪಿ2ಸಿ9 ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ನಿಧಾನ. ಅವರಿಗೆ ಸಣ್ಣ ಮಾತ್ರೆಯೂ ಭಾರವಾಗಬಹುದು. ಇನ್ನು ಎಲ್ಲಕ್ಕಿಂತ ಅಗ್ಗದ ಸೂಚಕ ಕ್ರಿಯಾಟಿನಿನ್. ಜೇವರ್ಗಿಯ ತಾಯಿಗೆ ವರ್ಷಕ್ಕೊಮ್ಮೆ ಅದನ್ನು ನೋಡಿದ್ದರೆ ಸಾಕಿತ್ತು.

ಚರ್ಮಕ್ಕೆ ಹಚ್ಚುವ ಗ್ಲೂಕೋಸ್ ಸೆನ್ಸರ್ ಇರುವಾಗ ರಕ್ತದ ಗುರುತು ಏಕೆ ಬೇಕು ಎಂದು ಒಬ್ಬರು ಕೇಳಿದರು. ಸೆನ್ಸರ್ ಬಹಳ ದೊಡ್ಡ ಉಪಕಾರ. ವಯಸ್ಸಾದವರಲ್ಲಿ 70ಕ್ಕಿಂತ ಕೆಳಗಿನ ಸಮಯ ದಿನಕ್ಕೆ ಶೇಕಡಾ 1ನ್ನು, ಅಂದರೆ ಸುಮಾರು ಕಾಲುಗಂಟೆಯನ್ನು, ಮೀರಬಾರದು ಎಂಬಂಥ ಗುರಿಗಳನ್ನು ಇಡಲು ಸಾಧ್ಯವಾದದ್ದೇ ಅದರಿಂದ. ಆದರೆ ಹಚ್ಚಿಕೊಂಡ ಮೇಲಿನದ್ದನ್ನಷ್ಟೇ ಅದು ಹೇಳುತ್ತದೆ, ಎರಡು ವಾರಕ್ಕೊಮ್ಮೆ ಬದಲಿಸಬೇಕು, ಬೆಲೆ ಎಲ್ಲರಿಗೂ ಎಟಕುವುದಿಲ್ಲ. ಅದೇ ಮಗ್ಗುಲಿಗೆ ಮಲಗಿ ಒತ್ತಿದರೆ ಸುಳ್ಳು ಲೋ ತೋರಿಸುವುದೂ ಉಂಟು. ಇನ್ನೊಂದು ಸನ್ನಿವೇಶ ನೋಡಿ: ಹೊಲದಲ್ಲಿ ತೊಗರಿ ರಾಶಿಯ ಹೊತ್ತಿಗೆ ಒಬ್ಬ ರೈತ ಕುಸಿಯುತ್ತಾನೆ, ಒಂದು ಕೈ ಎತ್ತಲಾಗುವುದಿಲ್ಲ, ಯಾರೋ ಬಾಯಿಗೆ ಸಕ್ಕರೆ ಹಾಕುತ್ತಾರೆ, 108 ಆಂಬುಲೆನ್ಸಿನಲ್ಲಿ ಗ್ಲೂಕೋಸ್ ಹತ್ತುತ್ತದೆ, ಇಲ್ಲಿಗೆ ಬಂದಾಗ ಸಕ್ಕರೆ 190. ಆದದ್ದು ಪಾರ್ಶ್ವವಾಯುವೋ ಲೋವೋ? ಲೋ ಕೂಡ ಪಾರ್ಶ್ವವಾಯುವಿನ ವೇಷದಲ್ಲಿ ಬರಬಲ್ಲದು. ಆ ವೈದ್ಯರ ಕೈಗೆ ಕಳೆದ ಕೆಲವು ಗಂಟೆಗಳ ಸಾಕ್ಷಿ ನುಡಿಯುವ ಒಂದು ಅಣು ಬೇಕು. ನಮ್ಮ ಹುಡುಕಾಟ ಇಂಥವರಿಗಾಗಿಯೇ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರಕ್ಕೆ ಇಲ್ಲಿ ಉತ್ತರ ಬರೆಯುತ್ತೇನೆ. ಬಿಪಿಗೆಂದು ಬೀಟಾ ಬ್ಲಾಕರ್ ನುಂಗುವವರಲ್ಲಿ ಎದೆ ಬಡಿತ, ನಡುಕ ಮರೆಯಾಗಬಹುದು, ಬೆವರು ಮಾತ್ರ ಉಳಿಯುತ್ತದೆ. ಅವರು ಬೆವರನ್ನೇ ನಂಬಬೇಕು. ರೋಜಾ ಇರುವವರಾಗಲಿ ಏಕಾದಶಿ ಉಪವಾಸದವರಾಗಲಿ 70ಕ್ಕಿಂತ ಕೆಳಗೆ ಬಂದರೆ ಅಲ್ಲಿಗೇ ಉಪವಾಸ ಬಿಡಬೇಕು; ಬೆರಳು ಚುಚ್ಚಿ ನೋಡಿದ ಮಾತ್ರಕ್ಕೆ ರೋಜಾ ಮುರಿಯುವುದಿಲ್ಲ ಎಂದು ಧಾರ್ಮಿಕ ವಿದ್ವಾಂಸರೂ ಒಪ್ಪಿದ್ದಾರೆ. ಮೂರನೆಯದು, ಮುಂದಿನ ಸಾಲಿನಲ್ಲಿದ್ದ ಅಜ್ಜ ಕೇಳಿದ್ದು: "ಲೋ ಆದಾಗ ನಾಕ್ ಚಮಚಾ ಸಕ್ಕರಿ ತಿಂದ್ರೂ ಲಗೂ ಏರಂಗಿಲ್ಲ ಯಾಕ್ರಿ?" ಅವರ ಚೀಟಿ ನೋಡಿದೆ, ಇನ್ಸುಲಿನ್ ಜೊತೆಗೆ ವೊಗ್ಲಿಬೋಸ್ ಇತ್ತು. ಆ ಮಾತ್ರೆ ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ನಿಧಾನಗೊಳಿಸುತ್ತದೆ. ಆದ್ದರಿಂದ ಅದನ್ನು ನುಂಗುವವರು ಕಿಸೆಯಲ್ಲಿ ಸಕ್ಕರೆಯ ಬದಲು ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಪುಡಿಯನ್ನೇ ಇಟ್ಟುಕೊಳ್ಳಬೇಕು, 15 ಗ್ರಾಂ ನೀರಿನಲ್ಲಿ ಕದಡಿ ಕುಡಿದು 15 ನಿಮಿಷದ ನಂತರ ಮತ್ತೆ ನೋಡಬೇಕು. ಅಜ್ಜ ಅದನ್ನು ಚೀಟಿಯ ಹಿಂಬದಿಯಲ್ಲಿ ಬರೆಸಿಕೊಂಡರು.